ಕೆಲಸ ಬಿಟ್ಟು ಪೂರ್ತಿ ಟ್ರೇಡಿಂಗ್‌ಗೆ ಇಳಿದವರ ದಿನ ಹೇಗಿರುತ್ತದೆ? ಉಡುಪಿ, ಮಂಗಳೂರಿನವರು ಹೇಳಿ

ಕಲ್ಸಂಕದ ಹುಡುಗ

ನಮಸ್ಕಾರ. ನನಗೆ 31. ಮಣಿಪಾಲದಲ್ಲಿ ಬ್ಯಾಕ್ ಆಫೀಸ್ ಕೆಲಸ. ಮೂರು ವರ್ಷದಿಂದ ಶೇರು ವ್ಯವಹಾರ ಉಂಟು. ಮೊದಲ ವರ್ಷ ಕಳೆದುಕೊಂಡೆ, ಎರಡನೇ ವರ್ಷ ಸಮಸಮ, ಈ ವರ್ಷ ಸ್ವಲ್ಪ ಬಂದಿದೆ. ಕೈಯಲ್ಲಿ 9 ಲಕ್ಷ ಇದೆ. ಸಾಲ ಇಲ್ಲ, ಮದುವೆ ಆಗಿಲ್ಲ, ಅಪ್ಪನಿಗೆ ಪೆನ್ಷನ್ ಬರುತ್ತದೆ.

ಎಷ್ಟು ದುಡಿಯಬಹುದು ಅಂತ ಕೇಳುತ್ತಿಲ್ಲ. ಅದನ್ನು ಹೇಳಲು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಬೇಕಾದ್ದು ದಿನಚರಿ. ಬೆಳಿಗ್ಗೆ ಎದ್ದು ರಾತ್ರಿ ಮಲಗುವ ತನಕ ಎಂತ ಮಾಡುತ್ತೀರಿ? ಆಫೀಸಿನಲ್ಲಿ ಮೇಜಿನ ಕೆಳಗೆ ಫೋನ್ ಹಿಡಿದುಕೊಂಡು ಟ್ರೇಡ್ ಮಾಡಿ ಸಾಕಾಗಿದೆ. ಮುಂದಿನ ತಿಂಗಳು ರಾಜೀನಾಮೆ ಕೊಡುವ ಅಂತ ಇದ್ದೇನೆ.

ಕದ್ರಿ ಮೂರನೇ ಮಹಡಿ

ಏಳು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ನನ್ನ ದಿನ ಹೇಳುತ್ತೇನೆ. ಓದಿ ಆಕಳಿಸಬೇಡಿ.

ಬೆಳಿಗ್ಗೆ ಆರೂವರೆಗೆ ಗಿಫ್ಟ್ ನಿಫ್ಟಿ ಶುರುವಾಗುತ್ತದೆ, ನಮ್ಮ ಮಾರ್ಕೆಟ್ ಹೇಗೆ ತೆರೆಯಬಹುದು ಅಂತ ಅಂದಾಜು ಕೊಡುವ ಗುಜರಾತಿನ ಗಿಫ್ಟ್ ಸಿಟಿಯ ವ್ಯಾಪಾರ ಅದು. ಮೊದಲೆಲ್ಲ ಕಣ್ಣು ಬಿಟ್ಟ ಕೂಡಲೇ ಅದನ್ನೇ ನೋಡುತ್ತಿದ್ದೆ. ಈಗ ಕದ್ರಿ ಪಾರ್ಕಿನಲ್ಲಿ ಎರಡು ಸುತ್ತು ಹೋಗಿ ಬಂದ ಮೇಲೆಯೇ ಫೋನ್ ಮುಟ್ಟುವುದು. ಎಂಟಕ್ಕೆ ಕೂತು ನಾಲ್ಕೈದು ಶೇರು ಆರಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಎಷ್ಟಕ್ಕೆ ತಗೊಳ್ಳಬೇಕು, ತಪ್ಪಿದರೆ ಎಲ್ಲಿ ಬಿಡಬೇಕು, ಎಷ್ಟು ತಗೊಳ್ಳಬೇಕು. ದಿನದ ನಿಜವಾದ ಕೆಲಸ ಅದೇ, ಮುಕ್ಕಾಲು ಗಂಟೆ. ಉಳಿದದ್ದೆಲ್ಲ ಕಾವಲು.

ಒಂಬತ್ತಕ್ಕೆ ಪ್ರಿ ಓಪನ್, ಅಂದರೆ ಮುಂಚಿತವಾಗಿ ಆರ್ಡರ್ ಹಾಕುವ ಹೊತ್ತು, 9.15ಕ್ಕೆ ಬಾಗಿಲು ತೆರೆಯುತ್ತದೆ. ಮೊದಲ ಕಾಲು ಗಂಟೆ ನಾನು ಕೈ ಹಾಕುವುದಿಲ್ಲ. ರಾತ್ರಿ ಬಂದ ಸುದ್ದಿಗೆಲ್ಲ ಜನ ಒಟ್ಟಿಗೆ ನುಗ್ಗುವ ಹೊತ್ತು ಅದು. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಆರರ ಬಸ್ಸಿಗೆ ಹತ್ತಿದ ಹಾಗೆ. ಹತ್ತುವುದೇನೋ ಆಗುತ್ತದೆ, ಚಪ್ಪಲಿ ಉಳಿಯುವ ಗ್ಯಾರಂಟಿ ಇಲ್ಲ.

ಹತ್ತೂಮುಕ್ಕಾಲರ ಒಳಗೆ ನನ್ನದು ಒಂದೋ ಎರಡೋ ಟ್ರೇಡ್ ಆಗಿರುತ್ತದೆ. ಇಲ್ಲದಿದ್ದರೆ ಇಲ್ಲ. ಆಮೇಲೆ ಬರುವುದು ಕಷ್ಟದ ಹೊತ್ತು. ಹನ್ನೊಂದರಿಂದ ಒಂದೂವರೆ ತನಕ ಹೆಚ್ಚಿನ ದಿನ ಮಾರ್ಕೆಟ್ ಅಲ್ಲಾಡುವುದಿಲ್ಲ. ನಾನು ಈ ತನಕ ಕಳೆದ ದುಡ್ಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹೋದದ್ದು ಆ ಹೊತ್ತಿನಲ್ಲಿ. ತಪ್ಪು ಲೆಕ್ಕಾಚಾರದಿಂದ ಹೋದದ್ದಲ್ಲ ಮಾರಾಯ್ರೆ, ಬೋರು ಹೊಡೆದು ಹೋದದ್ದು. ಸುಮ್ನೆ ಕೂತವನಿಗೆ ಕೈ ತುರಿಸುತ್ತದೆ. ಈಗ ಆ ಹೊತ್ತಿಗೆ ಅಡಿಗೆ ನನ್ನದು. ಕುಚ್ಚಲಕ್ಕಿ ಬೇಯಲು ಹೇಗೂ ಗಂಟೆ ಹಿಡಿಯುತ್ತದೆ. ಸ್ಟಾಪ್‌ಲಾಸ್ (ಇಷ್ಟಕ್ಕೆ ಇಳಿದರೆ ತಾನೇ ಮಾರುವ ಆರ್ಡರ್) ಹಾಕಿ ಅಡಿಗೆಮನೆಗೆ ಹೋದರೆ ತಪ್ಪು ಮಾಡಲು ಕೈ ಖಾಲಿ ಇರುವುದಿಲ್ಲ.

ಇಂಟ್ರಾಡೇ ಪೊಸಿಷನ್, ಅಂದರೆ ಅದೇ ದಿನ ಮುಗಿಸಬೇಕಾದ ವ್ಯವಹಾರ, ಹಾಗೆಯೇ ಉಳಿಸಿದರೆ ಮೂರು ಇಪ್ಪತ್ತರ ಸುಮಾರಿಗೆ ಬ್ರೋಕರೇ ಕತ್ತರಿಸುತ್ತಾನೆ, ಅದಕ್ಕೆ ಬೇರೆ ಚಾರ್ಜ್. ನಾನು ಮೂರಕ್ಕೇ ಮುಗಿಸುತ್ತೇನೆ. ನಾಲ್ಕಕ್ಕೆ ಚಾ ಕುಡಿಯುತ್ತಾ ಬೆಳಿಗ್ಗೆ ಬರೆದದ್ದಕ್ಕೂ ಮಾಡಿದ್ದಕ್ಕೂ ತಾಳೆ ನೋಡುತ್ತೇನೆ. ಅಷ್ಟೇ. ರಾತ್ರಿ ಮಾರ್ಕೆಟ್ ನೋಡುವುದಿಲ್ಲ. ಅಮೆರಿಕದವರು ಬಡ್ಡಿ ದರ ಹೇಳುವ ರಾತ್ರಿ ಕೂಡ ಇಲ್ಲ. ಎದ್ದು ಕೂತರೆ ಅವರು ದರ ಬದಲಾಯಿಸುತ್ತಾರಾ?

ಬುಲ್ ಮಾರಾಯ

ಇಷ್ಟು ಬೋರಾದರೆ ಆಫೀಸಲ್ಲೇ ಇರಬಹುದಿತ್ತಲ್ಲ ಸರ್ 😄 ನಾನು ವಾರಕ್ಕೆ ಎರಡೇ ದಿನ ಮಾಡುವುದು. ಮಂಗಳವಾರ ನಿಫ್ಟಿ ಎಕ್ಸ್‌ಪೈರಿ, ಗುರುವಾರ ಸೆನ್ಸೆಕ್ಸ್ ಎಕ್ಸ್‌ಪೈರಿ, ಅಂದರೆ ಆ ವಾರದ ಆಪ್ಷನ್‌ಗಳ ಅವಧಿ ಮುಗಿಯುವ ದಿನ. ಆಪ್ಷನ್, ಅಂದರೆ ಏರುತ್ತದೋ ಇಳಿಯುತ್ತದೋ ಅಂತ ಸಣ್ಣ ಮೊತ್ತಕ್ಕೆ ಸಿಗುವ ಕರಾರು, ತಗೊಳ್ಳುವುದು, ಬೆಲೆ ಹಾರಿದಾಗ ಮಾರುವುದು. ಕಳೆದ ತಿಂಗಳು ಒಂದೇ ಮಧ್ಯಾಹ್ನ 40 ಸಾವಿರ. ಹುಡುಗ, ಹೆದರಬೇಡ, ಬಿಡು ಕೆಲಸ.

ಹಂಪನಕಟ್ಟೆ ಡೀಲರ್

ಬುಲ್ ಮಾರಾಯ್ರೆ, ಆ ಮಧ್ಯಾಹ್ನದ್ದು ಗೊತ್ತಾಯ್ತು. ವರ್ಷದ್ದು ಹೇಳಿ.

ನಾನು 22 ವರ್ಷದಿಂದ ಬ್ರೋಕರ್ ಆಫೀಸಿನಲ್ಲಿ ಡೀಲರ್. ನಮ್ಮದೂ ಟ್ರೇಡಿಂಗ್ ಜೀವನವೇ. ವ್ಯತ್ಯಾಸ ಇಷ್ಟೇ, ದುಡ್ಡು ಬೇರೆಯವರದ್ದು, ಮಂಡೆಬಿಸಿ ನಮ್ಮದು. ಎಂಟೂವರೆಗೆ ಆಫೀಸು. ಫೋನಿನಲ್ಲಿ ಆಡುವ ಮಾತೆಲ್ಲ ರೆಕಾರ್ಡ್ ಆಗುತ್ತದೆ, ಆಗಲೇಬೇಕು. "ಮೊನ್ನೆ ಹೇಳಿದ್ನಲ್ಲ, ಅದನ್ನೇ ಹಾಕಿ" ಅಂದರೆ ನಡೆಯುವುದಿಲ್ಲ. ಶೇರಿನ ಹೆಸರು, ಎಷ್ಟು, ಎಷ್ಟಕ್ಕೆ, ಮೂರೂ ಗಿರಾಕಿಯ ಬಾಯಿಂದಲೇ ಬರಬೇಕು. ನಾವು ಮತ್ತೊಮ್ಮೆ ಓದಿ ಹೇಳಿ ಆಮೇಲೆ ಪಂಚ್ ಮಾಡಬೇಕು. ಒಮ್ಮೆ ನಾನು ಅವಸರದಲ್ಲಿ 500ರ ಜಾಗದಲ್ಲಿ 5000 ಒತ್ತಿದೆ. ಬಿಡಿಸಿಕೊಳ್ಳುವಷ್ಟರಲ್ಲಿ 11 ಸಾವಿರ ಹೋಗಿತ್ತು. ಮೂರು ತಿಂಗಳ ಸಂಬಳದಲ್ಲಿ ಕಂತು ಕಟ್ಟಿ ತೀರಿಸಿದೆ. ಇಂದಿಗೂ ಸೊನ್ನೆ ಒತ್ತುವಾಗ ಬಾಯಲ್ಲಿ ಎಣಿಸುತ್ತೇನೆ.

2024ರ ಜೂನ್ 3 ನೆನಪುಂಟಾ? ಎಕ್ಸಿಟ್ ಪೋಲ್ ಬಂದ ಮೇಲಿನ ಸೋಮವಾರ. ನಿಫ್ಟಿ ಶೇಕಡಾ 3ಕ್ಕಿಂತ ಜಾಸ್ತಿ ಏರಿತು. ಒಬ್ಬ ಗಿರಾಕಿ ಆಫೀಸಿಗೆಲ್ಲ ಸ್ವೀಟ್ ಹಂಚಿದ. ಮರುದಿನ ಫಲಿತಾಂಶ. ಸುಮಾರು ಶೇಕಡಾ 6 ಬಿತ್ತು. ಆ ದಿನ ನನ್ನ ಕೆಲಸ ಎಂತ ಗೊತ್ತುಂಟಾ? ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದ ತನಕ ಮಾರ್ಜಿನ್, ಅಂದರೆ ನಮ್ಮಲ್ಲಿ ಇಡಬೇಕಾದ ಠೇವಣಿ, ಕಡಿಮೆ ಆದವರಿಗೆ ಫೋನ್ ಮಾಡುವುದು. ದುಡ್ಡು ಹಾಕಿ, ಇಲ್ಲದಿದ್ದರೆ ಪೊಸಿಷನ್ ಕತ್ತರಿಸಬೇಕಾಗುತ್ತದೆ ಅಂತ. ಸ್ವೀಟ್ ಕೊಟ್ಟವ ಫೋನೇ ಎತ್ತಲಿಲ್ಲ. ಅವನ ಪೊಸಿಷನ್ ಕತ್ತರಿಸಿದ್ದು ನನ್ನ ಕೈ. ಡಬ್ಬದಲ್ಲಿ ಇನ್ನೂ ಎರಡು ಮೈಸೂರ್‌ಪಾಕ್ ಉಳಿದಿತ್ತು, ಯಾರೂ ಮುಟ್ಟಲಿಲ್ಲ.

ಬುಲ್ ಮಾರಾಯ

ಹಳಬರೆಲ್ಲ ಸೇರಿ ಹೆದರಿಸುವುದೇ ಆಯಿತು. ರಿಸ್ಕ್ ಇಲ್ಲದ ವ್ಯಾಪಾರ ಯಾವುದುಂಟು? ಹೋಟೆಲ್ ಇಟ್ಟವರೆಲ್ಲ ಗೆದ್ದಿದ್ದಾರಾ?

ಲೆಕ್ಕದ ಅಕ್ಕ

ಹೋಟೆಲ್ ಇಟ್ಟವರಲ್ಲಿ 100ಕ್ಕೆ 93 ಜನ ಸೋತಿದ್ದರೆ ನಮ್ಮ ಉಡುಪಿಯ ಹೆಸರು ದೇಶಕ್ಕೆಲ್ಲ ಗೊತ್ತಾಗುತ್ತಿರಲಿಲ್ಲ ತಮ್ಮ.

ಆ 93 ನನ್ನ ಲೆಕ್ಕ ಅಲ್ಲ, ಶೇರು ಮಾರ್ಕೆಟನ್ನು ನಿಯಂತ್ರಿಸುವ ಸೆಬಿಯದ್ದು. 2024ರ ಸೆಪ್ಟೆಂಬರಿನಲ್ಲಿ ಬಂದ ವರದಿ. 2021-22ರಿಂದ ಮೂರು ವರ್ಷ ಫ್ಯೂಚರ್ಸ್ (ಮುಂದಿನ ತಾರೀಕಿನ ಕರಾರು) ಮತ್ತು ಆಪ್ಷನ್ಸ್ ಮಾಡಿದ ಸಾಮಾನ್ಯ ಜನರಲ್ಲಿ ಶೇಕಡಾ 93 ಮಂದಿಗೆ ನಷ್ಟ. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಜಾಸ್ತಿ, ಸರಾಸರಿ ತಲಾ 2 ಲಕ್ಷದಷ್ಟು. ಖರ್ಚೆಲ್ಲ ಕಳೆದು 1 ಲಕ್ಷಕ್ಕಿಂತ ಜಾಸ್ತಿ ಲಾಭ ಕಂಡವರು 100ಕ್ಕೆ ಒಬ್ಬರು. ನನಗೆ ಬೇಸರ ತಂದದ್ದು ಬೇರೆ ಸಾಲು. ಕಳೆದುಕೊಂಡವರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜನ ಬಿಡದೆ ಮತ್ತೆ ಮತ್ತೆ ಅದನ್ನೇ ಮಾಡಿದ್ದಾರೆ. ನನ್ನ ಮೇಜಿಗೆ ಜುಲೈ ತಿಂಗಳಲ್ಲಿ ಬರುವ ಫೈಲುಗಳೂ ಹಾಗೆಯೇ.

ಕಲ್ಸಂಕದ ತಮ್ಮನಿಗೆ ಒಂದು ಮಾತು. ತೆರಿಗೆಯಲ್ಲಿ ಇಂಟ್ರಾಡೇ ಆದಾಯ ಸ್ಪೆಕ್ಯುಲೇಷನ್, ಅಂದರೆ ಸಟ್ಟಾ ವ್ಯಾಪಾರ ಅಂತ ಲೆಕ್ಕ. ಅದರ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ಅಂಥದ್ದೇ ಲಾಭದ ಎದುರು ಮಾತ್ರ. ಫ್ಯೂಚರ್ಸ್ ಆಪ್ಷನ್ಸ್ ಆದರೆ ಬೇರೆ ವ್ಯಾಪಾರ, ಎಂಟು ವರ್ಷ ಒಯ್ಯಬಹುದು. ಎರಡನ್ನೂ ಸಂಬಳದ ಎದುರು ಕಳೆಯಲು ಆಗುವುದಿಲ್ಲ. ರಿಟರ್ನ್ ಸಮಯಕ್ಕೆ ಸರಿಯಾಗಿ ಹಾಕದಿದ್ದರೆ ಮುಂದಕ್ಕೆ ಒಯ್ಯುವ ಅವಕಾಶವೂ ಹೋಗುತ್ತದೆ. ನೀವು ಮೊದಲ ವರ್ಷ ಕಳೆದದ್ದನ್ನು ರಿಟರ್ನ್‌ನಲ್ಲಿ ತೋರಿಸಿದ್ದೀರಾ? ಹೆಚ್ಚಿನವರು ನಾಚಿಕೆಯಿಂದ ತೋರಿಸುವುದಿಲ್ಲ.

ಕಲ್ಸಂಕದ ಹುಡುಗ

ತೋರಿಸಿಲ್ಲ ಅಕ್ಕ. ನಾಚಿಕೆ ಅಂತಲೇ ಹೇಳಿ.

ನಿವೃತ್ತ ಗುಮಾಸ್ತ

ಚರ್ಚೆ ಬೇರೆ ದಾರಿಗೆ ಹೋದರೆ ಕ್ಷಮಿಸಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಮಂಗಳೂರಿನಲ್ಲೇ ಒಂದು ಸ್ಟಾಕ್ ಎಕ್ಸ್‌ಚೇಂಜ್ ಇತ್ತು, ಕೊಡಿಯಾಲ್‌ಬೈಲಿನಲ್ಲಿ. ಎಲ್ಲರ ಕೈಗೂ ಕಂಪ್ಯೂಟರ್ ಬಂದ ಮೇಲೆ ಊರೂರಿನ ಎಕ್ಸ್‌ಚೇಂಜ್‌ಗಳಲ್ಲಿ ವ್ಯಾಪಾರ ಬತ್ತಿ ಹೋಯಿತು. ನಮ್ಮದಕ್ಕೆ 2004ರಲ್ಲಿ ಸೆಬಿ ಮಾನ್ಯತೆ ಮುಂದುವರಿಸಲಿಲ್ಲ.

ನಮ್ಮ ಜಿಲ್ಲೆಯವರಿಗೆ ಶೇರು ಅಂದರೆ ಮೊದಲಿಗೆ ಬ್ಯಾಂಕ್ ಶೇರು. ಕೆನರಾ, ಕಾರ್ಪೊರೇಷನ್ ಎರಡೂ 1906ರಲ್ಲಿ ಹುಟ್ಟಿದವು, ಒಂದು ಮಂಗಳೂರಿನಲ್ಲಿ, ಇನ್ನೊಂದು ಉಡುಪಿಯಲ್ಲಿ. ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ನಮ್ಮ ಮನೆಯಲ್ಲಿ ಮೂರರ ಶೇರು ಇತ್ತು. ಮಾರಲು ಮನಸ್ಸು ಬರುತ್ತಿರಲಿಲ್ಲ, ಮನೆಯವರನ್ನು ಮಾರಿದ ಹಾಗೆ ಅನಿಸುತ್ತಿತ್ತು. ಆಮೇಲೆ ಇವು ಬೇರೆ ಬ್ಯಾಂಕುಗಳಲ್ಲಿ ವಿಲೀನ ಆದವು, 2019ರಲ್ಲಿ ವಿಜಯಾದ 1000 ಶೇರಿಗೆ ಬ್ಯಾಂಕ್ ಆಫ್ ಬರೋಡಾದ 402 ಬಂತು. ಮರುವರ್ಷ ಕಾರ್ಪೊರೇಷನ್ 1000ಕ್ಕೆ ಯೂನಿಯನ್ 330, ಸಿಂಡಿಕೇಟ್ 1000ಕ್ಕೆ ಕೆನರಾ 158. ನಮ್ಮವಳು "ಬ್ಯಾಂಕೂ ಹೋಯ್ತು, ಶೇರೂ ಕರಗಿತು" ಅಂತ ಅತ್ತಳು. 2024ರಲ್ಲಿ ಕೆನರಾ ಒಂದು ಶೇರನ್ನು ಐದು ಮಾಡಿದಾಗ 158 ಹೋಗಿ 790 ಆಯಿತು. ಬೆಲೆಯೂ ಅಷ್ಟೇ ಪಾಲಾಗಿದೆ ಅಂತ ಎಷ್ಟು ಹೇಳಿದರೂ ಅವಳು ಕೇಳಲಿಲ್ಲ, ಪಾಯಸ ಮಾಡಿದಳು.

ಹುಡುಗರು ದಿನಕ್ಕೆ ಹತ್ತು ಸಲ ತಗೊಂಡು ಮಾರುವುದನ್ನು ನೋಡಿದರೆ ನನಗೆ ತಲೆ ತಿರುಗುತ್ತದೆ. ಅಷ್ಟೇ ಹೇಳಲು ಬಂದದ್ದು.

ಕದ್ರಿ ಮೂರನೇ ಮಹಡಿ

ಮಾವ, ಆ ಪಾಯಸದ ಲೆಕ್ಕ ನಮಗೆಲ್ಲರಿಗೂ ಬೇಕಾದದ್ದು.

ಹತ್ತು ಸಲ ಅಂದದ್ದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 1 ಲಕ್ಷದ ಶೇರು ತಗೊಂಡು ಅದೇ ದಿನ ಮಾರಿದರೆ ಬ್ರೋಕರೇಜ್ ಎರಡು ಕಡೆ ಇಪ್ಪತ್ತು ಇಪ್ಪತ್ತು ರೂಪಾಯಿ. ಮಾರುವಾಗ ಎಸ್‌ಟಿಟಿ, ಅಂದರೆ ಶೇರು ವಹಿವಾಟಿನ ತೆರಿಗೆ, 25. ಎಕ್ಸ್‌ಚೇಂಜ್ ಚಾರ್ಜ್, ಸ್ಟ್ಯಾಂಪ್, ಜಿಎಸ್‌ಟಿ ಸೇರಿ ಒಟ್ರಾಸಿ 80 ರೂಪಾಯಿ ಆಗುತ್ತದೆ. 80 ಎಂತ ದೊಡ್ಡದು ಅಂತ ಅನಿಸುತ್ತದೆ ಅಲ್ವಾ? ಮೊದಲ ವರ್ಷ ನಾನು ದಿನಕ್ಕೆ 15 ಟ್ರೇಡ್ ಮಾಡುತ್ತಿದ್ದೆ. ದಿನಕ್ಕೆ 1200, ತಿಂಗಳಿಗೆ 24 ಸಾವಿರ. ಗೆದ್ದರೂ ಸೋತರೂ. ನನ್ನ ಮನೆ ಬಾಡಿಗೆ ಆಗ 11 ಸಾವಿರ.

ಮಲ್ಪೆ ಬೋಟ್

ಈ ಲೆಕ್ಕ ನಮಗೆ ಚೆನ್ನಾಗಿ ಗೊತ್ತು. ಬೋಟ್ ಕಡಲಿಗೆ ಇಳಿದರೆ ಮೀನು ಸಿಗಲಿ ಬಿಡಲಿ ಡೀಸೆಲ್ ಸುಡುತ್ತದೆ. ಮಂಜುಗಡ್ಡೆಗೂ ದುಡ್ಡು ಕೊಡಬೇಕು. ಅನುಭವ ಇರುವ ತಾಂಡೇಲ, ಅಂದರೆ ಬೋಟ್ ನಡೆಸುವವ, ಗಾಳಿ, ನೀರಿನ ಬಣ್ಣ ನೋಡಿ "ಇವತ್ತು ಬೇಡ" ಅನ್ನುತ್ತಾನೆ. ಹೊಸಬ ಬಲೆ ಹಾಕುತ್ತಲೇ ಇರುತ್ತಾನೆ.

ನಾನು ಮಳೆಗಾಲದಲ್ಲಿ ಮಾತ್ರ ಶೇರು ಮಾಡುವುದು. ಜೂನ್ 1ರಿಂದ ಜುಲೈ 31ರ ತನಕ 61 ದಿನ ನಮಗೆ ಕಡಲಿಗೆ ಹೋಗಲು ನಿಷೇಧ. ಬಲೆ ಸರಿ ಮಾಡುತ್ತಾ ಫೋನಿನಲ್ಲಿ ನೋಡುವುದು. ಎರಡು ವರ್ಷದಿಂದ ಅನಿಸುತ್ತಿದೆ, ನಿಮ್ಮ ಮಾರ್ಕೆಟಿಗೂ ಅಂಥ ಒಂದು ನಿಷೇಧ ಬೇಕಿತ್ತು. ಆಗಸ್ಟಿನಲ್ಲಿ ಕಡಲಿಗೆ ಇಳಿದ ಕೂಡಲೇ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಬಿಜೈ ಮನೆ

ನಾನು ಟ್ರೇಡರ್ ಅಲ್ಲ, ಟ್ರೇಡರಿನ ಹೆಂಡತಿ. ದಿನಚರಿ ಕೇಳಿದಿರಲ್ಲ, ಮನೆಯ ಕಡೆಯದ್ದೂ ಕೇಳಿ.

ಕೆಲಸ ಬಿಟ್ಟ ಮೊದಲ ವರ್ಷ ಇವರು ವಾರಕ್ಕೊಮ್ಮೆ ಅಂಜಲ್ ತರುತ್ತಿದ್ದರು, ದುಬಾರಿ ಮೀನು. ಒಳ್ಳೆಯ ದಪ್ಪ ತುಂಡು, ಹುರಿಯಲು. ಲಾಭ ಆಗಿರಬೇಕು ಅಂತ ನಾನು ಖುಷಿಯಲ್ಲಿ ಮಸಾಲೆ ಅರೆಯುತ್ತಿದ್ದೆ. ತುಂಬ ತಡವಾಗಿ ಗೊತ್ತಾಯಿತು, ಅಂಜಲ್ ಬಂದದ್ದೆಲ್ಲ ನಷ್ಟ ಆದ ದಿನ. ಲಾಭ ಆದ ದಿನ ಅಗ್ಗದ ಬಂಗುಡೆ, ಬೂತಾಯಿಯೇ. ಮುಚ್ಚಿಡಬೇಕಾದದ್ದು ಏನೂ ಇರುತ್ತಿರಲಿಲ್ಲವಲ್ಲ.

ಜಗಳ ಆಯಿತು. ಆಮೇಲೆ ಒಂದು ಕ್ರಮ ಮಾಡಿದೆವು. ಟ್ರೇಡಿಂಗ್ ದುಡ್ಡೇ ಬೇರೆ, ಮನೆ ದುಡ್ಡೇ ಬೇರೆ. ಒಂದೂವರೆ ವರ್ಷದ ಮನೆಖರ್ಚನ್ನು ಬ್ಯಾಂಕಿನಲ್ಲಿ ಪಕ್ಕಕ್ಕೆ ಇಟ್ಟು ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಕು 35 ಸಾವಿರ ನನ್ನ ಖಾತೆಗೆ ಬರುತ್ತದೆ. ಲಾಭ ಬಂದಾಗ ಅವರು ಆ ಖಾತೆ ತುಂಬಿಸುತ್ತಾರೆ. ಇವತ್ತು ಎಷ್ಟಾಯಿತು ಅಂತ ನಾನು ಕೇಳುವುದಿಲ್ಲ. ತುಂಬಿಸಿದ್ದೀರಾ ಇಲ್ಲವಾ ಅಂತ ಮಾತ್ರ ಕೇಳುತ್ತೇನೆ.

ಇನ್ನೊಂದು. ಮನೆಯಲ್ಲಿ ಕೂತವನಿಗೆ ಕೆಲಸ ಉಂಟು ಅಂತ ಊರಲ್ಲಿ ಯಾರೂ ನಂಬುವುದಿಲ್ಲ. ಗ್ಯಾಸ್ ಸಿಲಿಂಡರ್ ಬಂದಾಗ, ಅತ್ತೆಯನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವಾಗ, ಪಕ್ಕದ ಮನೆಯ ಪೂಜೆಗೆ ಬಾಳೆಲೆ ತರುವಾಗ ಎಲ್ಲರಿಗೂ ಇವರೇ ನೆನಪಾಗುವುದು. ಅದೂ ಸರಿಯಾಗಿ ಒಂಬತ್ತೂಕಾಲಿಗೆ.

ಹಂಪನಕಟ್ಟೆ ಡೀಲರ್

ಅಕ್ಕ, ಅಂಜಲ್ ಮಾತು ಓದಿ ನಮ್ಮ ಆಫೀಸಲ್ಲಿ ಇಬ್ಬರು ಏಕ್ದಂ ಮೌನ ಆದರು. ಯಾಕೆ ಅಂತ ನಾನು ಕೇಳಲಿಲ್ಲ.

ಬುಲ್ ಮಾರಾಯ

ಹೋಗಲಿ, ವರ್ಷದ್ದು ಕೇಳಿದ್ರಲ್ಲ ಡೀಲರ್ ಅಣ್ಣ. ಇವತ್ತು ಕೂತು ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಆ 40 ಸಾವಿರ ಸೇರಿಸಿಯೂ 1 ಲಕ್ಷ 12 ಸಾವಿರ ಮೈನಸ್. ಅದರಲ್ಲಿ ಚಾರ್ಜ್‌ಗಳೇ ಮೂರನೇ ಒಂದು ಪಾಲು. ನಿಫ್ಟಿ ಲಾಟ್, ಅಂದರೆ ಒಮ್ಮೆಗೆ ಕನಿಷ್ಠ ತಗೊಳ್ಳಬೇಕಾದ ಸಂಖ್ಯೆ, 25 ಇದ್ದಾಗ ಸಣ್ಣದಾಗಿ ಆಡುತ್ತಿದ್ದೆ. 2024ರ ನವೆಂಬರಿನ ನಂತರ ಹೊಸ ಕಾಂಟ್ರಾಕ್ಟ್ 75ರದ್ದು ಬಂತಲ್ಲ, ಆಗ ಸೋತರೂ ಮೂರು ಪಟ್ಟು ಆಯಿತು. ಲಾಟ್ ದೊಡ್ಡದು ಮಾಡಿದ್ದು ನಮ್ಮಂಥವರು ದೂರ ಇರಲಿ ಅಂತ. ನಾನು ಮಾತ್ರ ಜಾಸ್ತಿ ದುಡ್ಡು ಹಾಕಿದೆ.

ಆದರೂ ಬಿಡುತ್ತೇನೆ ಅಂತ ಹೇಳುವುದಿಲ್ಲ. ಸುಳ್ಳಾಗುತ್ತದೆ.

ಲೆಕ್ಕದ ಅಕ್ಕ

ರಿಟರ್ನ್‌ನಲ್ಲಿ ತೋರಿಸು ತಮ್ಮ. ಆ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು.

ಕಲ್ಸಂಕದ ಹುಡುಗ

ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ. ಒಂದು, ಕದ್ರಿ ಅಣ್ಣ, ವರ್ಷದಲ್ಲಿ ಎಷ್ಟು ತಿಂಗಳು ದುಡ್ಡು ಬರುತ್ತದೆ? ಇನ್ನೊಂದು, ಮಳೆಗಾಲದಲ್ಲಿ ಕರೆಂಟ್ ಹೋದರೆ ಎಂತ ಮಾಡುತ್ತೀರಿ?

ಕದ್ರಿ ಮೂರನೇ ಮಹಡಿ

ಕಳೆದ ವರ್ಷದ್ದು ಹೇಳುತ್ತೇನೆ. ಐದು ತಿಂಗಳು ನಷ್ಟ. ನಾಲ್ಕು ತಿಂಗಳು ಇದ್ದೂ ಇಲ್ಲದ ಹಾಗೆ. ಮೂರು ತಿಂಗಳು ಇಡೀ ವರ್ಷದ ಊಟ ಕೊಟ್ಟಿತು. ಆ ಮೂರು ಯಾವುದು ಅಂತ ಮೊದಲೇ ಗೊತ್ತಿದ್ದರೆ ಉಳಿದ ಒಂಬತ್ತು ತಿಂಗಳು ನಾನು ಮುರುಡೇಶ್ವರದಲ್ಲಿ ಇರುತ್ತಿದ್ದೆ. ಗೊತ್ತಾಗದ ಕಾರಣ ದಿನಾ ಕೂರಬೇಕು. 9 ಲಕ್ಷದಲ್ಲಿ ನಿಮಗೆ ಮನೆಖರ್ಚು ಬೇರೆ ಇಟ್ಟರೆ ಟ್ರೇಡಿಂಗ್‌ಗೆ ಉಳಿಯುವುದು ಐದೋ ಆರೋ. ಅದರಿಂದ ತಿಂಗಳ ಸಂಬಳ ತೆಗೆಯಬೇಕು ಅಂತ ಹೊರಟರೆ ದೊಡ್ಡದಾಗಿ ಆಡಬೇಕಾಗುತ್ತದೆ. ನನ್ನ ಒಬ್ಬ ಗೆಳೆಯ ಮುಳುಗಿದ್ದು ಅಲ್ಲಿಯೇ. ಅವನಿಗೆ ಮಾರ್ಕೆಟ್ ಗೊತ್ತಿತ್ತು. ತಿಂಗಳ ಕೊನೆಗೆ ಇಎಂಐ ಕಟ್ಟಬೇಕಿತ್ತು, ಅಷ್ಟೇ.

ಕರೆಂಟ್ ವಿಷಯ. ಗುಡುಗು ಶುರುವಾಯಿತು ಅಂದರೆ ಮೊದಲು ನಾನು ಪೊಸಿಷನ್ ಕಡಿಮೆ ಮಾಡುತ್ತೇನೆ, ಆಮೇಲೆ ಪ್ಲಗ್ ತೆಗೆಯುತ್ತೇನೆ. ಇನ್ವರ್ಟರ್ ಇದ್ದರೆ ಸಾಲದು, ರೂಟರ್‌ಗೂ ಅದರ ಲೈನ್ ಬೇಕು. ಬೇರೆ ಕಂಪೆನಿಯ ಸಿಮ್ ಒಂದು ಫೋನಿನಲ್ಲಿ ಇರಲಿ. ಬ್ರೋಕರಿನ ಫೋನ್ ನಂಬರ್ ಗೋಡೆಯ ಮೇಲೆ ಬರೆದಿಡಿ, ಫೋನಲ್ಲಿ ಸೇವ್ ಮಾಡಿದರೆ ಸಾಲದು. ಒಮ್ಮೆ ತೆಂಗಿನ ಮಡಲು ಲೈನಿನ ಮೇಲೆ ಬಿದ್ದು ಕರೆಂಟೂ ನೆಟ್ಟೂ ಒಟ್ಟಿಗೆ ಹೋದವು, ನನ್ನ ಫೋನಿನ ಚಾರ್ಜ್ 4 ಶೇಕಡಾ. ಕ್ಯಾಲೆಂಡರಿನ ಹಿಂದೆ ಬರೆದಿಟ್ಟ ನಂಬರ್ ನೋಡಿ ಪಕ್ಕದ ಮನೆಯ ಲ್ಯಾಂಡ್‌ಲೈನಿನಿಂದ ಫೋನ್ ಮಾಡಿದೆ. ಆರ್ಡರ್ ತಗೊಳ್ಳುವ ಮುಂಚೆ ಆ ಹುಡುಗಿ ನನ್ನ ಹುಟ್ಟಿದ ತಾರೀಕು ಕೇಳಿದಳು. ಗಾಬರಿಯಲ್ಲಿ ಮಗನದ್ದು ಹೇಳಿದೆ.

ಹಂಪನಕಟ್ಟೆ ಡೀಲರ್

ಹುಡುಗ, ರಾಜೀನಾಮೆ ಪತ್ರ ಅಲ್ಲೇ ಇರಲಿ. ಒಂದು ವಾರ ರಜೆ ಹಾಕಿ ನಮ್ಮ ಆಫೀಸಿಗೆ ಬನ್ನಿ. ಗಿರಾಕಿಗಳಿಗೆ ಅಂತ ನಾಲ್ಕು ಕುರ್ಚಿ ಉಂಟು, ಈಗ ಯಾರೂ ಬರುವುದಿಲ್ಲ, ಎಲ್ಲರೂ ಆ್ಯಪ್‌ನಲ್ಲೇ. ಸ್ಕ್ರೀನ್ ನೋಡುತ್ತಾ ಕೂತುಕೊಳ್ಳಿ. ಷರತ್ತು ಒಂದೇ, ಫೋನ್ ನನ್ನ ಡ್ರಾಯರಿನಲ್ಲಿ.

ಕಲ್ಸಂಕದ ಹುಡುಗ

ಇವತ್ತು ಸೋಮವಾರ ಹೋಗಿದ್ದೆ. ಬೆಳಿಗ್ಗೆ ಉಡುಪಿಯಿಂದ ಎಕ್ಸ್‌ಪ್ರೆಸ್ ಹಿಡಿದು ಎಂಟೂವರೆಗೆ ಮುಟ್ಟಿದೆ. ಫೋನ್ ಡ್ರಾಯರಿಗೆ ಹೋಯಿತು.

9.15ಕ್ಕೆ ಎದೆ ಡವಡವ ಅಂದಿತು. ನನ್ನ ದುಡ್ಡು ಒಂದು ರೂಪಾಯಿ ಇರಲಿಲ್ಲ, ಆದರೂ. ಹತ್ತು ಗಂಟೆಗೆ "ಇದನ್ನು ತಗೊಳ್ಳಬೇಕಿತ್ತು" ಅಂತ ಮೂರು ಸಲ ಅನಿಸಿತು. ಡೀಲರ್ ಅಣ್ಣ ಒಂದು ಕಾಗದ ಕೊಟ್ಟು ಅನಿಸಿದ್ದನ್ನೆಲ್ಲ ಬರೆ ಅಂದರು. ಹನ್ನೊಂದೂವರೆಗೆ ನಿದ್ದೆ ಬಂತು. ನಿಜವಾಗಿ ತೂಕಡಿಸಿದೆ. ಹನ್ನೆರಡಕ್ಕೆ ಗೋಳಿಬಜೆ ತರಿಸಿದರು. ಎರಡೂವರೆ ನಂತರ ಮತ್ತೆ ಎಲ್ಲ ಫೋನೂ ಒಟ್ಟಿಗೆ ಬಡಿದುಕೊಂಡವು.

ಮೂರೂವರೆಗೆ ಕಾಗದ ನೋಡಿದೆವು. ಬರೆದದ್ದು 17. ಗೆದ್ದಿರುತ್ತಿದ್ದದ್ದು 6. ನಿದ್ದೆ ಬರುವ ಹೊತ್ತಿನಲ್ಲಿ ಬರೆದ ಐದರಲ್ಲಿ ಒಂದೂ ಇಲ್ಲ.

ಬಸ್ಸಿನಲ್ಲಿ ಕೂತು ಟೈಪ್ ಮಾಡುತ್ತಿದ್ದೇನೆ. ಸುಸ್ತು. ಆಫೀಸಿನ ಸುಸ್ತಿನ ಹಾಗಲ್ಲ, ಏನೂ ಮಾಡದೆ ಬಂದ ಸುಸ್ತು. ರಾಜೀನಾಮೆ ಬಗ್ಗೆ ಇನ್ನೂ ಎಂತ ಅಂತ ಗೊತ್ತಿಲ್ಲ. ನಾಳೆ ಮತ್ತೆ ಹೋಗುತ್ತೇನೆ.

ಹಂಪನಕಟ್ಟೆ ಡೀಲರ್

ನಾಳೆ ಎಕ್ಸ್‌ಪೈರಿ. ಮಧ್ಯಾಹ್ನ ಊಟಕ್ಕೆ ಏಳಲು ಆಗುವುದಿಲ್ಲ. ಬರುವಾಗ ಉಡುಪಿಯಿಂದ ಬನ್ಸ್ ತನ್ನಿ, ಆರು ಜನ ಇದ್ದೇವೆ. ಎರಡು ಕಾಗದವೂ ತನ್ನಿ.